ಕುಂಕುಮದ ಹೊರಗೆ ನಿಂತವರು

ಮೂವತ್ತೈದನೆಯ ವಯಸ್ಸಿನಲ್ಲಿ ನಾನು ನಿವೃತ್ತಳಾದೆ. ಮಿರಜದ ಧರ್ಮಾರ್ಥ ಆಸ್ಪತ್ರೆಯೊಂದರ ಸಭಾಗೃಹದಲ್ಲಿ ನನಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು, "ಸನ್ಮತಿ ಮೇಡಂ ಇನ್ನು ವಿಶ್ರಾಂತಿ ಪಡೆಯಲಿದ್ದಾರೆ" ಎಂದು ಧ್ವನಿವರ್ಧಕದಲ್ಲಿ ಸಾರಿದರು. ನನಗೆ ದಣಿವಾಗಿರಲಿಲ್ಲ. ದಣಿದವರು ಅವರು, ನನ್ನ ಪ್ರಶ್ನೆಗಳಿಂದ. ಅರವತ್ತು ತುಂಬಿದವರಿಗೆ ಸಲ್ಲುವ ಸತ್ಕಾರವನ್ನು ನನಗೆ ಅವಸರದಲ್ಲಿ ಸಲ್ಲಿಸಿ, ಹೊರಹಾಕಿದ್ದಕ್ಕೆ ಬೀಳ್ಕೊಡುಗೆ ಎಂದು ಹೆಸರಿಟ್ಟರು. ಇರಲಿ. ಶಾಲು ಹೊದ್ದ ಮೇಲೆ ನಿವೃತ್ತರ ಹಕ್ಕೂ ನನ್ನದಾಯಿತು. ಆ ನೌಕರಿಗೆ ಈಗ ಹೊಸದಾಗಿ ಸೇರುತ್ತಿರುವ ಹುಡುಗಿಯರಿಗೆ, ಅದು ನಿಜಕ್ಕೂ ಹೇಗಿತ್ತು ಎಂದು ಹೇಳುವ ಹಕ್ಕು. ಅದನ್ನು ಇಲ್ಲಿ ಚಲಾಯಿಸುತ್ತಿದ್ದೇನೆ.

ನನ್ನ ಹುದ್ದೆಯ ಹೆಸರು ಸಮುದಾಯ ಸಂಯೋಜಕಿ. ಮಿರಜದ ಬಳಿಯ ಲಿಂಗನೂರಿನ ಕನ್ನಡ ಮಾತಾಡುವ ಜೈನ ಮನೆಯಲ್ಲಿ ಹುಟ್ಟಿ, ಧಾರವಾಡದಲ್ಲಿ ಸಮಾಜಕಾರ್ಯದ ಪದವಿ ಪಡೆದು, ಮಿರಜಕ್ಕೆ ಮರಳಿದವಳಿಗೆ ಅದು ಹೇಳಿ ಮಾಡಿಸಿದ ಕೆಲಸವೆಂದು ಅನ್ನಿಸಿತ್ತು. ಮಿರಜವೆಂದರೆ ಆಸ್ಪತ್ರೆಗಳ ಊರು. ರೈಲಿನಿಂದ ಇಳಿದವನ ಕಂಕುಳಲ್ಲಿ ಎಕ್ಸ್‌ರೇ ಲಕೋಟೆ ಇಲ್ಲದಿದ್ದರೆ ಇಲ್ಲಿನ ರಿಕ್ಷಾದವನು ಅವನನ್ನು ಸಂಶಯದಿಂದ ನೋಡುತ್ತಾನೆ. ಇಷ್ಟು ವೈದ್ಯರಿರುವ ಊರಿನ ಸುತ್ತಲಿನ ಹಳ್ಳಿಗಳ ಹೆಂಗಸರು, ಎದೆಯಲ್ಲಿನ ಗಂಟು ಕೈತುಂಬ ಬೆಳೆದ ಮೇಲೆ ಆಸ್ಪತ್ರೆ ಮುಟ್ಟುತ್ತಿದ್ದರು. ಅವರನ್ನು ಮೊದಲೇ ಹುಡುಕಿ ತಪಾಸಣೆಗೆ ಕರೆತರುವುದು ನನ್ನ ಕೆಲಸ. ಸ್ತನದ ಕ್ಯಾನ್ಸರ್ ಚಿಕ್ಕದಿರುವಾಗ ಸಿಕ್ಕರೆ ಹೆಂಗಸು ಬಹುಮಟ್ಟಿಗೆ ಬದುಕುತ್ತಾಳೆ. ತಡವಾದರೆ ಅವಳೂ ವೈದ್ಯರೂ ಸೇರಿ ಸೋಲುವ ಸಂಭವವೇ ಹೆಚ್ಚು. ಈ ವಿದ್ಯೆಯಲ್ಲಿ ಅರ್ಥವಾಗದ್ದು ಏನೂ ಇಲ್ಲ. ಇಷ್ಟು ಸರಳವಾದದ್ದನ್ನು ಕೆಡಿಸಲು ಒಂದು ವಿಭಾಗವೇ ಬೇಕಾಗುತ್ತದೆ, ಮತ್ತು ನಮ್ಮಲ್ಲಿ ಅದು ಇತ್ತು.

ಆ ವಿಭಾಗದ ಮುಖ್ಯಸ್ಥರನ್ನು ಇಲ್ಲಿ ಸಂಚಾಲಕರು ಎಂದಷ್ಟೇ ಕರೆಯುತ್ತೇನೆ. ಅಂಥವರು ಪ್ರತಿ ಸಂಸ್ಥೆಯಲ್ಲೂ ಒಬ್ಬರಿರುತ್ತಾರೆ. ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ತಪ್ಪಿಸಿಕೊಳ್ಳುತ್ತಾರೆ. ಬಿಳಿ ಅಂಗಿ, ಮೆದು ಮಾತು, ಕ್ಯಾಮೆರಾ ಎಲ್ಲಿದೆಯೆಂದು ಕಣ್ಣುಮುಚ್ಚಿಯೂ ಹೇಳಬಲ್ಲ ಅಂತಃಪ್ರಜ್ಞೆ. ಸ್ತನ ಎಂಬ ಪದವನ್ನು ಅವರು ನನ್ನ ಸೇವಾವಧಿಯಲ್ಲಿ ಒಮ್ಮೆಯೂ ಉಚ್ಚರಿಸಲಿಲ್ಲ. ಮರಾಠಿಯಲ್ಲಿ ಮಾತಾಡುವಾಗ 'ತ್ಯಾ ಭಾಗಾತ', ನಮ್ಮಂಥವರೊಡನೆ ಕನ್ನಡ ಆಡುವಾಗ 'ಆ ಭಾಗದಲ್ಲಿ'. ಸ್ತನ ತಪಾಸಣೆಯ ಕಾರ್ಯಕ್ರಮವನ್ನು ನಡೆಸುವ ಮನುಷ್ಯನಿಗೆ ಸ್ತನ ಎನ್ನಲು ಬಾರದು. ಈಜು ಕಲಿಸುವವನಿಗೆ ನೀರು ಕಂಡರೆ ನೆಗಡಿಯಾದಂತೆ.

ನನ್ನ ಮೊದಲ ಶಿಬಿರ ಮಾಲಗಾಂವದಲ್ಲಿ. ಊರ ಬಾಗಿಲಿಗೆ ಕಟ್ಟಿದ ಬ್ಯಾನರಿನ ಮೇಲೆ 'ಮಹಿಳಾ ವಿಶೇಷ ಆರೋಗ್ಯ ಶಿಬಿರ' ಎಂದಿತ್ತು. ಯಾವ ಆರೋಗ್ಯ, ಏನು ವಿಶೇಷ ಎಂದು ಎಲ್ಲೂ ಇರಲಿಲ್ಲ. ಹೆಂಗಸರು ಮಂಡಿನೋವಿಗೆ ಬಂದರು, ಸಕ್ಕರೆ ಕಾಯಿಲೆಗೆ ಬಂದರು, ಚಷ್ಮಾ ಸಿಗುತ್ತದೆಂದು ಬಂದರು. ಸಂಚಾಲಕರು ವೇದಿಕೆಯ ಮೇಲೆ ಮೇಜಿಗೆ ರಬ್ಬರಿನ ಸ್ತನದ ಮಾದರಿಯೊಂದನ್ನು ಇಟ್ಟು, ಅದನ್ನು ಮುಟ್ಟಿದರೆ ಮೈಲಿಗೆಯಾದೀತೆಂಬಂತೆ ದೂರದಿಂದ ಪೆನ್ನು ಚಾಚಿ, "ಈ ಭಾಗದಲ್ಲಿ ಏನಾದರೂ ಬದಲಾವಣೆ ಕಂಡರೆ" ಎಂದು ವಿವರಿಸತೊಡಗಿದರು. ಪೆನ್ನು ತಾಗಿ ಮಾದರಿ ಅಲುಗಿತು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಕೈಯೆತ್ತಿದಳು.

"ಅದೇನ್ರಿ ಸಾಹೇಬ್ರ, ಗಿಣ್ಣಾ?"

ಸಭೆ ನಕ್ಕಿತು. ಸಂಚಾಲಕರು ನೀರು ಕುಡಿದರು. ಆಗ ನಮ್ಮ ನರ್ಸು ಗ್ರೇಸ್ ಸಿಸ್ಟರ್ ವೇದಿಕೆ ಹತ್ತಿ ಮಾದರಿಯನ್ನು ಕೈಗೆತ್ತಿಕೊಂಡರು. ಮಿರಜದಲ್ಲೇ ಹುಟ್ಟಿ ಬೆಳೆದವರು, ಧ್ವನಿವರ್ಧಕದ ಹಂಗಿಲ್ಲದ ಕಂಠ.

"ಮೊಲಿರಿ ಆಯಿ, ಮೊಲಿ. ನಿಮಗೂ ಅದಾವ, ನನಗೂ ಅದಾವ. ಸಾಹೇಬ್ರಿಗಷ್ಟ ನಾಚಿಕಿ."

ಆ ದಿನ ತಪಾಸಣೆಗೆ ಕೊಟ್ಟದ್ದು ಶಾಲೆಯ ಕೋಣೆ. ವೇದಿಕೆಗೆ ಝರಿಯ ಬಟ್ಟೆ ತಂದವರು ಕಿಟಕಿಗಳಿಗೆ ಪರದೆ ತಂದಿರಲಿಲ್ಲ. ಹೊರಗೆ ಗಂಡಸರು ಬೀಡಿ ಸೇದುತ್ತ ನಿಂತಿರುವಾಗ ಯಾವ ಹೆಂಗಸು ಕುಪ್ಪಸ ಬಿಚ್ಚಿಯಾಳು? ಗ್ರೇಸ್ ಸಿಸ್ಟರ್ ಬಾಗಿಲಿನ ಬ್ಯಾನರನ್ನೇ ಬಿಚ್ಚಿ ತಂದು ಕಿಟಕಿಗೆ ಕಟ್ಟಿದರು. ಅದರ ತುಂಬ ಕೈಮುಗಿದು ನಗುವ ಗಣ್ಯರ ಮುಖಗಳು. ಸಂಚಾಲಕರು ಕೆಂಡವಾದರು.

"ಮಾನ್ಯರ ಫೋಟೋವನ್ನು ಇಂಥ ಜಾಗದಲ್ಲಿ ಕಟ್ಟುವುದೇ?"

"ಮುಖ ಹೊರಗ ಮಾಡೇ ಕಟ್ಟೀನಲ್ರಿ ಸರ್. ಒಳಗ ನೋಡಿಲ್ಲ ಅವರು."

ಹೊಸದಾಗಿ ಸೇರುವವರೇ, ನಿಮ್ಮ ಚೀಲದಲ್ಲಿ ಕರಪತ್ರಕ್ಕಿಂತ ಮೊದಲು ನಾಲ್ಕು ಪರದೆಗಳನ್ನೂ ಒಂದು ಹಗ್ಗವನ್ನೂ ಇಟ್ಟುಕೊಳ್ಳಿ. ಮತ್ತು ಆ ಪದವನ್ನು ಹೇಳಲು ಕಲಿಯಿರಿ. ನೀವು ನಾಚಿದರೆ ಅವಳು ಹತ್ತುಪಟ್ಟು ನಾಚುತ್ತಾಳೆ, ನಾಚುತ್ತಲೇ ಸಾಯುತ್ತಾಳೆ.

ಮುಂದಿನ ವರ್ಷಗಳಲ್ಲಿ ವಿಧಾನಗಳು ಬದಲಾದವು. ಮೊದಮೊದಲು ಕನ್ನಡಿಯ ಮುಂದೆ ನಿಂತು ತಿಂಗಳಿಗೊಮ್ಮೆ ಹೀಗೆ ಕೈಯೆತ್ತಿ, ಹೀಗೆ ಸುತ್ತಿ ಎಂದು ಕವಾಯತಿನಂತೆ ಕಲಿಸುತ್ತಿದ್ದೆವು. ಹಳ್ಳಿಯ ಎಷ್ಟು ಮನೆಗಳಲ್ಲಿ ಎದೆಮಟ್ಟದ ಕನ್ನಡಿ ಇದೆಯೆಂದು ಕೇಳಿದವರಿಲ್ಲ. ಆಮೇಲೆ, ನಿಮ್ಮ ಮೈ ನಿಮಗೆ ಗೊತ್ತಿರಲಿ, ಹೊಸದೇನು ಕಂಡರೂ ತಡಮಾಡದೆ ಬನ್ನಿ ಎಂದು ಸರಳವಾಗಿ ಹೇಳುವುದು ಬಂತು. ಎಳೆಯ ಗಂಡು ಡಾಕ್ಟರುಗಳ ಬದಲು ತರಬೇತಾದ ನರ್ಸುಗಳ ಕೈ ಬಂತು. ಕೊನೆಗೆ ಯಾವುದೋ ಕಂಪನಿಯ ದಾನದಿಂದ ತಪಾಸಣೆಯ ಯಂತ್ರ ಕೂಡಿಸಿದ ಗುಲಾಬಿ ಬಣ್ಣದ ವ್ಯಾನು ಬಂತು. ವ್ಯಾನು ಬಂದ ಮೇಲೆ ಅದರೊಳಗೆ ಹೆಂಗಸರನ್ನು ತುಂಬುವುದು ಪ್ರತಿಷ್ಠೆಯ ಪ್ರಶ್ನೆಯಾಯಿತು. ಸಂಚಾಲಕರಿಗೆ ಜೀವಮಾನದ ಉಪಾಯ ಹೊಳೆದದ್ದು ಆಗಲೇ.

ನಮ್ಮ ಕಡೆ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಹಳದಿ-ಕುಂಕುವಿನ ಕಾಲ. ಹೆಂಗಸರು ಒಬ್ಬರನ್ನೊಬ್ಬರು ಕರೆದು, ಅರಿಶಿನ ಕುಂಕುಮ ಹಚ್ಚಿ, ಎಳ್ಳುಬೆಲ್ಲ ಕೊಟ್ಟು, ಕೈಗೊಂದು ಸ್ಟೀಲಿನ ಬಟ್ಟಲೋ ಡಬ್ಬಿಯೋ ಇಡುತ್ತಾರೆ. ಆ ಉಡುಗೊರೆಗೆ ವಾಣ ಎನ್ನುತ್ತಾರೆ. ಶಿಬಿರವನ್ನೇ ಹಳದಿ-ಕುಂಕು ಮಾಡಿಬಿಡೋಣ ಎಂದರು ಸಂಚಾಲಕರು. ಆಸ್ಪತ್ರೆಯೇ ವಾಣ ಕೊಡುತ್ತದೆ, ಹೆಂಗಸರು ತಾವಾಗಿ ಬರುತ್ತಾರೆ, ಕುಂಕುಮ ಹಚ್ಚಿಸಿಕೊಂಡು ವ್ಯಾನು ಹತ್ತುತ್ತಾರೆ. ಸಭೆ ಚಪ್ಪಾಳೆ ತಟ್ಟಿತು. ಹೆಂಗಸರೂ ನಿಜವಾಗಿಯೇ ಬಂದರು, ರೇಷ್ಮೆಯುಟ್ಟು, ಹೂ ಮುಡಿದು. ಫೋಟೋಗಳು ಎಷ್ಟು ಚಂದ ಬಂದವೆಂದರೆ ರೋಗಕ್ಕೂ ಆಮಂತ್ರಣ ಪತ್ರಿಕೆ ಹೋಗಿರಬೇಕು ಅನ್ನಿಸುತ್ತಿತ್ತು.

ಹಳದಿ-ಕುಂಕುವಿಗೆ ಮುತ್ತೈದೆಯರನ್ನು ಮಾತ್ರ ಕರೆಯುತ್ತಾರೆ. ಇದು ಇಡೀ ಸಾಂಗಲಿ ಜಿಲ್ಲೆಗೆ ಗೊತ್ತು. ಗಂಡ ಸತ್ತವಳನ್ನು ಯಾರೂ ಕರೆಯುವುದಿಲ್ಲ, ಕರೆಯದೆ ಅವಳು ಬರುವುದಿಲ್ಲ. ಪದವಿಗಳ ಭಾರಕ್ಕೆ ಕುರ್ಚಿ ಕಿರುಗುಟ್ಟುತ್ತಿದ್ದ ಆ ಸಭೆಯಲ್ಲಿ ಇದು ಯಾರ ತಲೆಗೂ ಹೊಳೆಯಲಿಲ್ಲ. ವಯಸ್ಸಾದಂತೆ ಈ ರೋಗದ ಅಪಾಯ ಏರುತ್ತದೆ, ವಯಸ್ಸಾದಂತೆ ವಿಧವೆಯರ ಸಂಖ್ಯೆಯೂ ಏರುತ್ತದೆ. ಈ ಎರಡು ವಾಕ್ಯಗಳನ್ನು ಕೂಡಿಸಲು ಗಣಿತ ಬೇಕಿಲ್ಲ. ಗಂಡನ ಜೊತೆಗೆ ಹೆಂಡತಿಯ ಸ್ತನಗಳನ್ನೂ ಸುಡುತ್ತಾರೆಂದು ನಮ್ಮ ತಜ್ಞರು ಭಾವಿಸಿದ್ದರೋ ಏನೋ.

ಬಾಳವ್ವ ನನಗೆ ಸಿಕ್ಕಿದ್ದು ಖಂಡೇರಾಜುರಿಯಲ್ಲಿ. ಸಮಾಜಮಂದಿರದೊಳಗೆ ಕುಂಕುಮ ನಡೆದಿತ್ತು, ಅಂಗಳದಲ್ಲಿ ವ್ಯಾನು ನಿಂತಿತ್ತು. ಗೇಟಿನ ಹೊರಗೆ, ಕುರಿಗಳನ್ನು ತರುಬಿಕೊಂಡು, ಕೋಲು ಊರಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತರ ಆಚೀಚೆ, ಬೋಳು ಹಣೆ, ಹೆಗಲಿಗೆ ಕಂಬಳಿ.

"ತಂಗಿ, ಒಳಗ ದವಾಖಾನಿ ಐತೇನ?"

"ಐತ್ರಿ ಮಾವಶಿ. ಬರ್ರಿ ಒಳಗ."

"ನಾ ಹೆಂಗ ಬರ್ಲಿ? ಕುಂಕು ನಡದೈತಿ. ಮುಗಿದ ಮ್ಯಾಲ ಗಾಡಿ ನಿಂದರತೈತೇನ ಕೇಳಾಕ ಬಂದೇನಿ."

"ಏನರ ತ್ರಾಸ ಐತೇನ್ರಿ?"

"ತ್ರಾಸೇನಿಲ್ಲ. ಗಂಟ ಐತಿ ಒಂದ." ಸೆರಗಿನ ಮೇಲಿಂದಲೇ ಎಡಗಡೆ ಕೈಯಿಟ್ಟು ತೋರಿಸಿದಳು. "ನೋಯಂಗಿಲ್ಲ ಬಿಡು. ಕುರಿ ಕೆಚ್ಚಲಾಗ ಗಂಟಾದ್ರ ಬಿಸಿ ಇರತೈತಿ, ಮುಟ್ಟಿದ್ರ ಒದಿತೈತಿ. ಇದು ಥಂಡ ಐತಿ, ಗಪ್ಪ ಕುಂತೈತಿ. ದೀಪಾವಳಿಯಿಂದ ಕುಂತೈತಿ."

ಓದುವವರು ಇಲ್ಲಿ ನಿಲ್ಲಬೇಕು. ಕುರಿಯ ಕೆಚ್ಚಲು ಬಲ್ಲವಳಿಗೂ ಈ ಗಂಟು ಮೋಸ ಮಾಡಿತ್ತು. ನೋವಿದ್ದರೆ ರೋಗ, ನೋವಿಲ್ಲದಿದ್ದರೆ ಏನೂ ಇಲ್ಲ ಎಂಬ ನಂಬಿಕೆ ಕುರಿಗಾರರದ್ದಷ್ಟೇ ಅಲ್ಲ, ಸಾಂಗಲಿಯ ಬಂಗಲೆಗಳದ್ದೂ ಹೌದು. ಸ್ತನದ ಕ್ಯಾನ್ಸರು ಹೆಚ್ಚಿನಂಶ ಮೊದಲಿಗೆ ನೋಯುವುದೇ ಇಲ್ಲ. ಗಪ್ಪನೆ ಕುಳಿತ ಗಂಟಿಗೇ ಬೇಗ ಬರಬೇಕು. ಈ ಒಂದು ಮಾತನ್ನು ಊರೂರಿಗೆ ಹೇಳಿದ್ದರೆ ಸಾಕಿತ್ತು. ನಾವು ಬಟ್ಟಲು ಹಂಚುತ್ತಿದ್ದೆವು.

ಗ್ರೇಸ್ ಸಿಸ್ಟರನ್ನು ಕರೆದೆ. ಬಾಳವ್ವನ ಮನೆಗೆ ಹೋಗಿ, ಬಾಗಿಲು ಮುಚ್ಚಿ, ಪರೀಕ್ಷಿಸಿ ಹೊರಬಂದವರ ಮುಖದಲ್ಲಿ ಎಂದಿನ ತಮಾಷೆ ಇರಲಿಲ್ಲ. "ಗಟ್ಟಿ ಐತಿ. ಸಣ್ಣದೈತಿ. ಇವತ್ತೇ ವ್ಯಾನಿನಾಗ ನೋಡಬೇಕು" ಎಂದರು. ಸಂಚಾಲಕರ ಬಳಿ ಹೋದೆವು. ಅವರು ವಾಣ ಕೊಡುತ್ತಿದ್ದರು.

"ವ್ಯಾನು ಅಂಗಳದ ಒಳಗಿದೆ. ಅವಳು ಕುಂಕುಮದ ನಡುವೆ ಹಾದು ಬಂದರೆ ಊರ ಹೆಂಗಸರು ನೊಂದುಕೊಳ್ಳುತ್ತಾರೆ. ನಾವು ಜನರ ಭಾವನೆಗಳನ್ನು ಗೌರವಿಸಬೇಕು, ಸನ್ಮತಿ."

"ವ್ಯಾನನ್ನು ಹೊರಗೆ ತಂದು ನಿಲ್ಲಿಸಿದರಾಯಿತಲ್ಲ ಸರ್?"

"ಗಾಡಿ ತೆಗೆದರೆ ಹಿಂದಿನ ಬ್ಯಾನರು ಕೀಳಬೇಕಾಗುತ್ತದೆ. ಮುಂದಿನ ಶಿಬಿರದಲ್ಲಿ ನೋಡೋಣ."

ಆ ಊರಿಗೆ ಮುಂದಿನ ಶಿಬಿರ ಮುಂದಿನ ಸಂಕ್ರಾಂತಿಗೆ. ಅದೂ ಕುಂಕುಮದ್ದೇ. ಮಧ್ಯಾಹ್ನ ವ್ಯಾನು ಬಾಳವ್ವನ ಮುಂದೆಯೇ ಧೂಳೆಬ್ಬಿಸಿ ಹೋಯಿತು. ಸೋಮವಾರ ಮಿರಜಕ್ಕೆ ಬರಲೇಬೇಕೆಂದು ಗ್ರೇಸ್ ಸಿಸ್ಟರ್ ಅವಳಿಂದ ಮಾತು ತೆಗೆದುಕೊಂಡರು.

ಬಂದಳು. ಮೈದುನ ಬೀರಪ್ಪನನ್ನು ಕರೆದುಕೊಂಡು, ಮೊದಲ ಎಸ್‌ಟಿ ಬಸ್ಸಿಗೆ. ಕೌಂಟರಿನಲ್ಲಿ ತಡೆದರು. ಉಚಿತ ತಪಾಸಣೆ ಶಿಬಿರದಿಂದ ಬಂದವರಿಗೆ ಮಾತ್ರವಂತೆ, ಈಕೆ ಶಿಬಿರದಿಂದ ಬಂದವಳಲ್ಲವಂತೆ. ಬೀರಪ್ಪ ಆಗಲೇ ಮರಳಲು ಎದ್ದು ನಿಂತಿದ್ದ. ಅವತ್ತು ಅವಳು ಮರಳಿದ್ದರೆ ಮತ್ತೆ ಬರುತ್ತಿರಲಿಲ್ಲ. ಅಷ್ಟು ವರ್ಷ ಈ ಕೆಲಸ ಮಾಡಿದವಳಿಗೆ ಅದು ಗೊತ್ತು. ಹಳ್ಳಿಯ ಹೆಂಗಸು ಆಸ್ಪತ್ರೆಯ ಮೆಟ್ಟಿಲನ್ನು ತನಗಾಗಿ ಎರಡು ಸಲ ಹತ್ತುವುದಿಲ್ಲ.

ನಾನು ಬಾಳವ್ವನ ಕೈ ಹಿಡಿದು ಸಂಚಾಲಕರ ಕೋಣೆಗೆ ನುಗ್ಗಿದೆ. ಒಳಗೆ ವ್ಯಾನು ದಾನ ಕೊಟ್ಟ ಕಂಪನಿಯ ಅತಿಥಿಗಳು ಚಹಾ ಕುಡಿಯುತ್ತಿದ್ದರು. ಅದು ನಮ್ಮ ಅದೃಷ್ಟ.

"ಸರ್, ಇವರು ಖಂಡೇರಾಜುರಿಯವರು. ಶಿಬಿರದ ದಿನವೇ ನಮ್ಮ ಸಿಸ್ಟರ್ ಇವರ ಸ್ತನದಲ್ಲಿ ಗಂಟು ಕಂಡುಹಿಡಿದಿದ್ದಾರೆ. ವ್ಯಾನಿನ ಬಳಿ ನೀವೇ ಬಿಡಲಿಲ್ಲ. ಈಗ ಕೌಂಟರಿನಲ್ಲೂ ಬಿಡುತ್ತಿಲ್ಲ. ಗಂಡನಿಲ್ಲದವರಿಗೆ ನಮ್ಮಲ್ಲಿ ತಪಾಸಣೆ ಇದೆಯೋ ಇಲ್ಲವೋ? ಅತಿಥಿಗಳ ಎದುರಿಗೇ ಹೇಳಿಬಿಡಿ."

ಸ್ತನ ಎಂಬ ಮಾತಿಗೋ, ಪ್ರಶ್ನೆಗೋ, ಅತಿಥಿಯೊಬ್ಬರು ಅರ್ಧ ಕಡಿದ ಬಿಸ್ಕೀಟನ್ನು ತಟ್ಟೆಯಲ್ಲಿಟ್ಟರು. ಸಂಚಾಲಕರು ನಕ್ಕರು. ಆ ನಗೆ ಬಾಗಿಲಿನಂತೆ, ಬೇಕಾದಾಗ ತೆರೆಯುತ್ತಿತ್ತು. "ಅರೆ, ಇದೂ ಕೇಳುವ ಮಾತೇ?" ಎನ್ನುತ್ತ ಎದ್ದು ಬಾಳವ್ವನನ್ನು ತಾವೇ ತಪಾಸಣೆಯ ಕೋಣೆಯವರೆಗೆ ನಡೆಸಿಕೊಂಡು ಹೋದರು. ಹಿಂದೆ ಕ್ಯಾಮೆರಾ ಓಡಿತು.

"ನಿಮ್ಮ ಸಾಹೇಬ ಭಾಳ ಛಲೋ ಮನಷ್ಯಾ ಅದಾನವಾ," ಎಂದಳು ಬಾಳವ್ವ ಆಮೇಲೆ. "ಫೋಟೋ ಹೊಡಿಯೂತನಕಾ ನನ್ನ ಕೈ ಬಿಡಲಿಲ್ಲ."

ಸೂಜಿ ಹಾಕಿ ತೆಗೆದ ಚೂರು ಕ್ಯಾನ್ಸರೇ ಎಂದಿತು. ಆದರೆ ಗಂಟು ಚಿಕ್ಕದು, ಕಂಕುಳಿಗೆ ಹಬ್ಬಿರಲಿಲ್ಲ. "ಸಕಾಲಕ್ಕೆ ಬಂದಿದ್ದೀರಿ" ಎಂದರು ಶಸ್ತ್ರವೈದ್ಯರು. ಬೀರಪ್ಪನಿಗೆ ಆ ಮಾತು ಕೇಳಿಸಲಿಲ್ಲ, ಕತ್ತಿಯ ಮಾತಷ್ಟೇ ಕೇಳಿಸಿತು. ವರಾಂಡದಲ್ಲಿ ಅವನು ದನಿ ತಗ್ಗಿಸಿ ಹೇಳಿದ:

"ವೈನಿ, ಕೊಯ್ದರ ಹರಡತೈತಿ ಅಂತಾರ ಮಂದಿ. ನನಗ ಗೊತ್ತಿದ್ದಾಂವ ಒಬ್ಬ ಅದಾನ, ಲೇಪ ಹಚ್ಚತಾನ. ಒಂದ ತಿಂಗಳ ನೋಡೂಣು."

ಬಾಳವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೀರಪ್ಪಾ, ಹ್ವಾದ ವರ್ಷ ಟಗರಿಗೆ ಉಬ್ಬರ ಆದಾಗ ಏನ ಮಾಡಿದಿ?"

"ಡಾಕ್ಟರನ್ನ ಕರಕೊಂಬರಾಕ ಹ್ವಾದೆ."

"ಹೆಂಗ ಹ್ವಾದಿ?"

"ಗಾಡಿ ಮ್ಯಾಲ. ಓಡಸ್ಕೋತ."

"ಟಗರಿಗೆ ಡಾಕ್ಟರ, ನನಗ ಲೇಪ. ಹೌದಿಲ್ಲೋ? ಮುಂದಿನ ಜನ್ಮದಾಗ ನಿನ್ನ ಮನ್ಯಾಗ ಟಗರಾಗಿ ಹುಟ್ಟತೇನಿ, ಚಿಂತಿ ಮಾಡಬ್ಯಾಡ. ಈ ಜನ್ಮಕ್ಕ ಸಹಿ ಮಾಡ."

ಬೀರಪ್ಪ ಸಹಿ ಮಾಡಿದ. ಶಸ್ತ್ರಕ್ರಿಯೆ ಆಯಿತು. ನ್ಯಾಯವಾಗಿ ಹೇಳಬೇಕೆಂದರೆ, ಆ ಮೇಲಿನ ತಿಂಗಳುಗಳಲ್ಲಿ ಔಷಧಿ ಏರಿಸುವ ಪ್ರತಿ ಸರದಿಗೂ ಅವನೇ ಕರೆತಂದ, ಹೊರಗಿನ ಬೆಂಚಿನ ಮೇಲೆ ಟೊಪ್ಪಿಗೆ ಮುಖಕ್ಕೆಳೆದುಕೊಂಡು ಕುಳಿತ. ಬಾಳವ್ವನ ಕೂದಲು ಉದುರಿತು. ವಾರ್ಡಿನ ಉಳಿದ ಹೆಂಗಸರು ಕನ್ನಡಿಯಿಂದ ಮುಖ ತಿರುಗಿಸುತ್ತಿದ್ದಾಗ ಅವಳು ತಲೆ ಸವರಿಕೊಂಡು, "ಕುರೀಗೆ ವರ್ಷಕ್ಕ ಎರಡ ಸಲ ಕತ್ತರಸತೀವಿ. ಮತ್ತ ಬರತೈತಿ, ಮದಲಿನಕಿಂತ ದಟ್ಟ" ಎಂದಳು. ಬಂತು ಕೂಡ. ವಿಕಿರಣ ಮುಗಿಯಿತು, ಗುಳಿಗೆ ಉಳಿಯಿತು, ಬಾಳವ್ವ ಮಳೆಗಾಲ ಮುಗಿಯುವ ಹೊತ್ತಿಗೆ ಕುರಿಗಳ ಹಿಂದೆ ಮರಳಿದಳು.

ಇಲ್ಲಿಗೆ ಸಂತೋಷದಿಂದ ಮುಗಿಸಬಹುದಿತ್ತು. ಸಂಸ್ಥೆಗಳು ಹೀಗೆಯೇ ಮುಗಿಸುತ್ತವೆ. ಆದರೆ ಗೇಟಿನ ಹೊರಗೆ ಅವಳು ನಿಂತ ದೃಶ್ಯ ನನ್ನನ್ನು ಬಿಡಲಿಲ್ಲ. ಆಕೆ ಆ ಹೊತ್ತಿಗೆ ಅಲ್ಲಿ ಕುರಿ ತರುಬದಿದ್ದರೆ? ಹಿಂದಿನ ಸಂಕ್ರಾಂತಿಯ ಊರುಗಳಿಗೆ ಮತ್ತೆ ಹೋದೆ. ಮಾಲಗಾಂವದ ದ್ರಾಕ್ಷಿ ತೋಟದ ಮನೆಯೊಂದರಲ್ಲಿ ಸೊಸೆ ನನ್ನನ್ನು ಗುರುತಿಸಿದಳು. ಆಕೆಯ ಅತ್ತೆ ಅಕ್ಕಾತಾಯಿ ಆ ತಿಂಗಳಷ್ಟೇ ತೀರಿಕೊಂಡಿದ್ದರು, ಇದೇ ರೋಗದಿಂದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲುಬಿಗೆ ಇಳಿದಿತ್ತಂತೆ.

"ನಿಮ್ಮ ಶಿಬಿರ ನಮ್ಮ ಅಂಗಳದಾಗ ಆಗಿತ್ರಿ ಮೇಡಂ," ಎಂದಳು ಸೊಸೆ. ಸಿಟ್ಟಿನಿಂದಲ್ಲ. ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. "ನೀವು ಹಂಚಿದ ಎಳ್ಳುಂಡಿ ನಮ್ಮ ಅತ್ತೀನೇ ಕಟ್ಟಿದ್ರು, ಅಡಿಗಿ ಮನ್ಯಾಗ ಕುಂತು. ಭಾಳ ರುಚಿ ಆಗ್ಯಾವ ಅಂದಿದ್ರು ನಿಮ್ಮ ಸಾಹೇಬ್ರು. ಅತ್ತಿ ಹೊರಗ ಬರಲಿಲ್ಲ. ಹೆಂಗ ಬರತಾರ?"

ಗೋಡೆಯ ಆ ಕಡೆ ರೋಗ, ಈ ಕಡೆ ಯಂತ್ರ. ನಡುವೆ ಒಂದು ಬಾಗಿಲು, ಬಾಗಿಲಲ್ಲಿ ಕುಂಕುಮದ ತಟ್ಟೆ. ನಾವು ಆ ಮನೆಯ ಉಂಡೆ ತಿಂದು, ಕೈ ತೊಳೆದು, ಹೊರಟು ಬಂದಿದ್ದೆವು.

ಇದನ್ನು ಸಂಚಾಲಕರ ಮುಂದಿಟ್ಟೆ. ಅವರು ಕನ್ನಡಕ ಒರೆಸಿಕೊಂಡು, "ಸಂಸ್ಕೃತಿಯೊಡನೆ ಸಂಘರ್ಷಕ್ಕಿಳಿದರೆ ಕಾರ್ಯಕ್ರಮವೇ ನಿಲ್ಲುತ್ತದೆ" ಎಂದರು. ಸಂಸ್ಕೃತಿ! ಆ ರೂಢಿಯನ್ನು ಆಸ್ಪತ್ರೆಗೆ ಬಾಡಿಗೆಗೆ ತಂದವರು ತಾವೇ ಎಂಬುದು ಅವರಿಗೆ ಮರೆತುಹೋಗಿತ್ತು. ಊರಿನವರು ತಮ್ಮ ಮನೆಯ ಕುಂಕುಮಕ್ಕೆ ಯಾರನ್ನು ಕರೆಯುತ್ತಾರೆ ಎಂಬುದು ಊರಿನ ಜಗಳ, ಅದನ್ನು ಬೇರೆಯಾಗಿ ಆಡೋಣ. ರೋಗ ಹುಡುಕಲು ಹೊರಟ ಆಸ್ಪತ್ರೆ ಆ ಗೆರೆಯನ್ನು ತನ್ನ ಹೊಸ್ತಿಲಿಗೆ ಎಳೆದುಕೊಂಡರೆ ಅದು ಅಪರಾಧ. "ಹಾಗಾದರೆ ವಿಧವೆಯರಿಗೆ ಬೇರೆ ದಿನ ಇಡೋಣ" ಎಂದರು. ಆ ಬೇರೆ ದಿನವನ್ನೂ ಇಡಲಿಲ್ಲ. ಅದಕ್ಕೆ ಒಪ್ಪುವ ಫೋಟೋ ಹೇಗೆ ತೆಗೆಯುವುದೆಂದು ತಿಳಿಯದೆ ಕೈಬಿಟ್ಟಿರಬೇಕು.

ಅಷ್ಟರಲ್ಲಿ ವಾರ್ಷಿಕ ಸಮಾರಂಭ ಬಂತು. ಸಾಂಗಲಿಯ ದೊಡ್ಡ ಸಭಾಗೃಹ, ಮುಂದಿನ ಸಾಲಿನಲ್ಲಿ ದಾನಿಗಳು. ರೋಗ ಗೆದ್ದ ಹೆಂಗಸರನ್ನು ವೇದಿಕೆಯ ಮೇಲೆ ಸಾಲಾಗಿ ಕೂರಿಸಿ ಗುಲಾಬಿ ಪಟ್ಟಿ ತೊಡಿಸಿದ್ದರು. ಬಾಳವ್ವನೂ ಇದ್ದಳು, ಹೊಸ ಇಳಕಲ್ ಸೀರೆಯಲ್ಲಿ. "ನಮ್ಮ ಶಿಬಿರ ಸಕಾಲದಲ್ಲಿ ಪತ್ತೆಹಚ್ಚಿದ ಭಗಿನಿ" ಎಂದು ನಿರೂಪಕಿ ಅವಳನ್ನು ಪರಿಚಯಿಸಿದಳು. ಆಮೇಲೆ ಮುಖ್ಯ ಅತಿಥಿಯಾದ ಶ್ರೀಮತಿಯೊಬ್ಬರು ಕುಂಕುಮದ ತಟ್ಟೆ ಹಿಡಿದು ಸಾಲಿನುದ್ದಕ್ಕೂ ಹಣೆಗೆ ಹಚ್ಚುತ್ತ ಬಂದರು. ಬಾಳವ್ವನ ಮುಂದೆ ಅವರ ಕೈ ಗಾಳಿಯಲ್ಲಿ ತಡೆಯಿತು. ಒಂದು ಕ್ಷಣ. ನಂತರ ತಟ್ಟೆ ಅವಳನ್ನು ದಾಟಿ ಪಕ್ಕದವಳ ಹಣೆಗೆ ಹೋಯಿತು. ಇಡೀ ಸಭಾಗೃಹ ನೋಡಿತು, ಇಡೀ ಸಭಾಗೃಹ ನೋಡದವರಂತೆ ಕುಳಿತಿತು.

ಎರಡು ಮಾತು ಹೇಳಿರೆಂದು ಬಾಳವ್ವನ ಕೈಗೆ ಮೈಕು ಕೊಟ್ಟರು. ಕೃತಜ್ಞತೆ ಹೇಳುತ್ತಾಳೆಂದು ಅವರ ಲೆಕ್ಕ.

"ನನಗ ಮರಾಠಿ ತಿಳಿತೈತ್ರಿ, ಇಷ್ಟ ಮಂದಿ ಮುಂದ ನಾಲಿಗಿ ಹೊಳ್ಳಂಗಿಲ್ಲ," ಎಂದಳು. "ಕನ್ನಡದಾಗ ಹೇಳತೇನಿ. ಸನ್ಮತಕ್ಕ ಮರಾಠಿ ಮಾಡತಾಳ. ಬಾರವಾ."

ನಾನು ವೇದಿಕೆ ಹತ್ತಿದೆ. ಸಂಚಾಲಕರು ಕೆಳಗಿನಿಂದ ಸಣ್ಣಗೆ ತಲೆಯಾಡಿಸಿದರು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು: ಅವಳು ಏನೇ ಹೇಳಲಿ, ನೀನು ಧನ್ಯವಾದ ಎನ್ನು.

"ನಾ ಶಿಬಿರದಾಗ ಸಿಕ್ಕಿಲ್ಲರಿ. ಶಿಬಿರ ಒಳಗ ನಡದಿತ್ತು, ನಾ ಗೇಟಿನ ಹೊರಗ ನಿಂತಿದ್ದೆ."

ಅಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದೆ. ಮುಂದಿನ ಸಾಲು ಮಿಸುಕಾಡಿತು.

"ಈಗೂ ತಾಟ ನನ್ನ ದಾಟಿ ಹೋತು. ಈ ಅಕ್ಕಾರದೇನ ತಪ್ಪಿಲ್ಲ, ರೂಢಿ ಐತಿ. ನನಗ ಕುಂಕು ಬ್ಯಾಡ್ರಿ. ಗಂಡ ಇದ್ದಾಗ ಹಚ್ಚೀನಿ, ಅವನ ಕೂಡ ಜಗಳಾಡಿ ಸಾಕಾಗೇತಿ."

ಅನುವಾದಿಸುವ ಮೊದಲೇ ಕನ್ನಡ ಬಲ್ಲ ಅರ್ಧ ಸಭೆ ನಕ್ಕಿತು, ನಾನು ಮುಗಿಸಿದ ಮೇಲೆ ಉಳಿದರ್ಧ. ಬಾಳವ್ವ ನಗಲಿಲ್ಲ.

"ಖರೆ ಹೇಳತೇನಿ, ಗಂಟಿಗೆ ಯಾರ ಗಂಡ ಇದ್ದಾನ ಯಾರ ಗಂಡ ಸತ್ತಾನ ಗೊತ್ತಾಗಂಗಿಲ್ಲ. ಅದು ಎಲ್ಲಾರ ಮನಿಗೂ ಹೊಕ್ಕೈತಿ. ನೀವಷ್ಟ ಮನಿ ಆರಿಸಿ ಹೊಕ್ಕೀರಿ."

ಇದನ್ನೂ ಹೇಳಿದೆ. ನನ್ನ ಮರಾಠಿ ಅಷ್ಟು ಸ್ಫುಟವಾಗಿ ಹಿಂದೆಂದೂ ಇರಲಿಲ್ಲ. ಆಮೇಲೆ ಮೈಕು ಕೆಟ್ಟಿತು. ಮೈಕುಗಳು ಎಷ್ಟು ಸರಿಯಾದ ಹೊತ್ತಿಗೆ ಕೆಡುತ್ತವೆ ನಮ್ಮ ದೇಶದಲ್ಲಿ.

ಶಾಲು ಬಂದದ್ದು ಇದಾದ ಮೇಲೆ. ನನ್ನ ಮೇಲೆ ಯಾವ ಆರೋಪವನ್ನೂ ಹೊರಿಸಲಿಲ್ಲ. ಹೊರಿಸಿದ್ದರೆ ಉತ್ತರ ಕೊಡುವ ಅವಕಾಶ ಸಿಗುತ್ತಿತ್ತು. ಹುದ್ದೆಯನ್ನೇ ರದ್ದು ಮಾಡಿ, ನನ್ನ 'ಮೌಲಿಕ ಸೇವೆ'ಯನ್ನು ಹೊಗಳಿದರು. ಸಂಚಾಲಕರು ಇನ್ನೂ ಅಲ್ಲೇ ಇದ್ದಾರೆ, ವ್ಯಾನೂ ಓಡುತ್ತಿದೆ. ಆದ್ದರಿಂದ ಒಳಗಿದ್ದಾಗ ಕೇಳಿದ್ದನ್ನೇ ಹೊರಗಿನಿಂದ ಕೇಳುತ್ತೇನೆ. ಕುಂಕುಮದ ಶಿಬಿರಗಳಾದ ಊರುಗಳಲ್ಲಿ ಒಳಗೆ ಬಾರದೆ ಉಳಿದ ಹೆಂಗಸರ ಬಳಿಗೆ ಯಾರು ಹೋದರು? ಯಾರೂ ಹೋಗಿಲ್ಲವೆಂದರೆ ಯಾವಾಗ ಹೋಗುತ್ತೀರಿ? ಅಕ್ಕಾತಾಯಿಯ ಮನೆಗೆ ಹೋಗಿ, ಆ ಸೊಸೆಯ ಮುಂದೆ ಕುಳಿತು, ತಪ್ಪಾಯಿತು ಎನ್ನುವವರು ನಿಮ್ಮಲ್ಲಿ ಯಾರು? ಶಾಲು ಈ ಪ್ರಶ್ನೆಗಳಿಗೆ ಉತ್ತರವಲ್ಲ.

ಹೊಸಬರೇ, ಶಿಬಿರದಲ್ಲಿ ಬಂದವರ ಮುಖ ನೋಡಿ ಹಿಗ್ಗಬೇಡಿ. ಬಾರದವರು ಯಾರು ಎಂದು ಮೊದಲು ನೋಡಿ. ಈ ನೌಕರಿ ಪೂರ್ತಿ ಅಷ್ಟೇ.

ಈ ಸಂಕ್ರಾಂತಿಯ ಮಾರನೆಯ ವಾರ ಗ್ರೇಸ್ ಸಿಸ್ಟರ್ ಫೋನು ಮಾಡಿ, ವ್ಯಾನು ಖಂಡೇರಾಜುರಿಗೆ ಹೊರಟಿದೆ, ಬೇಕಿದ್ದರೆ ಬಂದು ನೋಡು ಎಂದರು. ಎಸ್‌ಟಿ ಹತ್ತಿ ಹೋದೆ. ಅದೇ ಸಮಾಜಮಂದಿರ, ಅದೇ ವ್ಯಾನು. ಬ್ಯಾನರಿನ ಮೂಲೆಯಲ್ಲಿ 'ಎಲ್ಲ ಮಹಿಳೆಯರಿಗೂ ಸ್ವಾಗತ' ಎಂಬ ಹೊಸ ಸಾಲು. ಸಂಚಾಲಕರ ಸುಧಾರಣೆ ಅಲ್ಲಿಗೆ ಮುಗಿದಿತ್ತು, ಕರೆ ಹೋದದ್ದು ಮುತ್ತೈದೆಯರ ಮನೆಗಳಿಗೇ. ಆದರೆ ಗೇಟಿನಲ್ಲಿ ಬಾಳವ್ವ ಅಡ್ಡ ನಿಂತಿದ್ದಳು, ಕೋಲನ್ನು ಅಡ್ಡಗಂಬದಂತೆ ಹಿಡಿದು. ಅವಳ ಹಿಂದೆ ಊರಿನ ಬೋಳು ಹಣೆಗಳೆಲ್ಲ ಸೆರಗು ಹೊದ್ದು ನಿಂತಿದ್ದವು. ಗಂಡ ಬಿಟ್ಟು ಹೋದವರೂ ಇದ್ದರು. ಒಳಗಿನ ರೇಷ್ಮೆ ಸೀರೆಗಳು ಕತ್ತು ಚಾಚಿ ನೋಡುತ್ತಿದ್ದವು. ಸಂಚಾಲಕರು ಕುಂಕುಮದ ತಟ್ಟೆಯೊಡನೆ ಹೊರಬಂದರು.

"ಬಾಳವ್ವ, ಮೊದಲು ಕುಂಕುಮ ಮುಗಿಯಲಿ. ಆಮೇಲೆ ನಿಮ್ಮದೂ ಮಾಡೋಣ."

"ಸಾಹೇಬ್ರ, ದೊಡ್ಡಿಗೆ ಕುರಿ ಹೊಗಸೂಮುಂದ ಕುಂಟೂ ಕುರಿ ಮದಲ ಬಿಡತೀವಿ. ಆಮ್ಯಾಲ ಅಂದ್ರ ಅವು ಹೊರಗ ಉಳಿತಾವ, ತ್ವಾಳಕ್ಕ. ಸರೀರಿ ಸ್ವಲ್ಪ."

ಅವರು ಸರಿದರು. ಊರ ಹೆಂಗಸರು ನೊಂದುಕೊಳ್ಳುವರೆಂದು ಅಷ್ಟು ವರ್ಷ ಅಂಜಿದ್ದರಲ್ಲ, ಒಳಗಿನಿಂದ ಯಾರದೋ ದನಿ ಬಂತು: "ಬರ್ರಿ ಕಾಕೂ, ಬರ್ರಿ. ನಮಗೇನ ಅವಸರಿಲ್ಲ." ವ್ಯಾನಿನ ಬಾಗಿಲಲ್ಲಿ ಗ್ರೇಸ್ ಸಿಸ್ಟರ್ ಪರದೆ ಎತ್ತಿ ಹಿಡಿದರು. ಬಾಳವ್ವ ಕೋಲಿನಿಂದ ಒಬ್ಬೊಬ್ಬರನ್ನೇ ಒಳಕ್ಕೆ ಬಿಟ್ಟಳು. ಗಾಳಿ ಬೀಸಿತು, ತಟ್ಟೆಯ ಕುಂಕುಮ ಎದ್ದು ಸಂಚಾಲಕರ ಬಿಳಿ ಅಂಗಿಯ ಮೇಲೆ ಕುಳಿತಿತು. ಅವರಿಗೆ ಆಗ ನಾನು ಕಂಡೆ.

"ಸನ್ಮತಿ, ನೀನಿಲ್ಲಿ? ವಿಶ್ರಾಂತಿಯಲ್ಲಿದ್ದೀಯಲ್ಲ?"

ನಾನು ಉತ್ತರಿಸುವ ಮೊದಲು ಬಾಳವ್ವ ತಿರುಗಿದಳು.

"ನಿನ್ನ ಲಗ್ನ ಆಗಿಲ್ಲಲ್ಲ ಸನ್ಮತಕ್ಕ?"

"ಇಲ್ಲ ಮಾವಶಿ."

"ಇಷ್ಟ ವರ್ಷ ಎಲ್ಲಾರ ಎದಿ ನೋಡ್ಸೀದಿ. ನಿಂದು ಯಾರರ ನೋಡ್ಯಾರೇನ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಕೋಲೆತ್ತಿ ಸಾಲಿನ ಕೊನೆಯನ್ನು ತೋರಿಸಿದಳು.

"ಹಂಗಾರ ಪಾಳಿ ಹಚ್ಚ."

ಪಾಳಿ ಹಚ್ಚಿದೆ.